ಕಾರ್ಬನ್ ಫೈಬರ್ ರಸ್ತೆ ಸೈಕಲ್: ರಚನೆ, ಅಳತೆ ಮತ್ತು ಸುರಕ್ಷತೆ – ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಭಾಗದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವ್ಯಾಯಾಮ, ಪ್ರವಾಸ ಹಾಗೂ ಸ್ಪರ್ಧೆಯ ಉದ್ದೇಶಗಳಿಗಾಗಿ ಕಾರ್ಬನ್ ಫೈಬರ್ ಎಂಬ ಇಂಗಾಲದ ಎಳೆಗಳಿಂದ ತಯಾರಾದ ರಸ್ತೆ ಸೈಕಲ್‌ಗಳನ್ನು ಖರೀದಿಸಲು ಅಥವಾ ಹಳೆಯ ಸೈಕಲ್‌ಗಳನ್ನು ಕೊಳ್ಳಲು ಇಚ್ಛಿಸುವ ಸಾರ್ವಜನಿಕರ, ವಿಶೇಷವಾಗಿ ಕ್ರೀಡಾಪಟುಗಳ ಪೋಷಕರ ಅವಗಾಹನೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಉತ್ತರ ಕರ್ನಾಟಕಕ್ಕೆ ಸೈಕಲ್ ಹೊಸದಲ್ಲ. ವಿಜಯಪುರ, ಬಾಗಲಕೋಟೆ ಮತ್ತು ಗದಗ ಜಿಲ್ಲೆಗಳು ರಾಷ್ಟ್ರಮಟ್ಟದ ಅನೇಕ ಸೈಕ್ಲಿಂಗ್ ಪಟುಗಳನ್ನು ನೀಡಿವೆ. ರಾಜ್ಯ ಸರ್ಕಾರವು 2006-07ನೇ ಸಾಲಿನಲ್ಲಿ ಆರಂಭಿಸಿದ ಉಚಿತ ಬೈಸಿಕಲ್ ವಿತರಣೆ ಯೋಜನೆಯಿಂದಾಗಿ 8ನೇ ತರಗತಿಯ ಲಕ್ಷಾಂತರ ಮಕ್ಕಳು ಸ್ವಂತ ಸೈಕಲ್ ಕಂಡರು. ಆ ಸೈಕಲ್ ಉಕ್ಕಿನದು. ಬಿದ್ದರೆ ಬಾಗುತ್ತಿತ್ತು, ಬಾಗಿದ್ದು ಕಣ್ಣಿಗೆ ಕಾಣುತ್ತಿತ್ತು, ಊರಿನ ಬೆಸುಗೆ ಅಂಗಡಿಯಲ್ಲಿ ನೇರವಾಗುತ್ತಿತ್ತು. ಕಾರ್ಬನ್ ಸೈಕಲ್ ಈ ಮೂರು ಅಂಶಗಳಲ್ಲಿಯೂ ಭಿನ್ನವಾಗಿದೆ. ಅದು ಬಾಗುವುದಿಲ್ಲ, ಅದರ ಹಾನಿ ಅನೇಕ ವೇಳೆ ಹೊರಗೆ ಕಾಣುವುದಿಲ್ಲ, ಅದನ್ನು ಬೆಸೆಯಲು ಬರುವುದಿಲ್ಲ. ಆದುದರಿಂದ ಈ ಸೈಕಲ್‌ನ ವಿಷಯದಲ್ಲಿ ಬೆಲೆ ಮತ್ತು ತೂಕಕ್ಕಿಂತ ಮೊದಲು ಸವಾರನ ಅಳತೆ ಹಾಗೂ ನಿಯಮಿತ ತಪಾಸಣೆ ಮುಖ್ಯವೆಂಬುದನ್ನು ಗಮನಿಸತಕ್ಕದ್ದು.

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿವೆ. ಸಂಡೂರು ಮತ್ತು ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಮುಂದುವರಿದಿವೆ. ದೂರು ಅಥವಾ ಅರ್ಜಿ ಸಲ್ಲಿಸುವಾಗ ಈ ವ್ಯತ್ಯಾಸವನ್ನು ನೆನಪಿನಲ್ಲಿಡುವುದು.

2. ಕಾರ್ಬನ್ ಫೈಬರ್ ಎಂದರೇನು?

ಕಾರ್ಬನ್ ಫೈಬರ್ ಎಂಬುದು ಇಂಗಾಲದ ಅತಿ ತೆಳುವಾದ ಎಳೆ. ಒಂದೊಂದು ಎಳೆಯ ದಪ್ಪ ಸುಮಾರು 5ರಿಂದ 7 ಮೈಕ್ರಾನ್. ಅಂದರೆ ತಲೆಗೂದಲಿನ ಸುಮಾರು ಹತ್ತನೇ ಒಂದು ಭಾಗ. ಇಂತಹ ಸಾವಿರಾರು ಎಳೆಗಳ ಪದರಗಳನ್ನು ಎಪಾಕ್ಸಿ ಎಂಬ ರಾಳದಲ್ಲಿ ಅದ್ದಿ, ಅಚ್ಚಿನೊಳಗೆ ಒಂದರ ಮೇಲೊಂದು ಹಾಸಿ, ಶಾಖ ಮತ್ತು ಒತ್ತಡ ನೀಡಿ ಗಟ್ಟಿಗೊಳಿಸಲಾಗುತ್ತದೆ. ಹೀಗೆ ತಯಾರಾದ ವಸ್ತುವಿನ ಸಾಂದ್ರತೆ ನೀರಿನ ಸುಮಾರು 1.6 ಪಟ್ಟು ಇರುತ್ತದೆ. ಅಲ್ಯೂಮಿನಿಯಂ 2.7 ಪಟ್ಟು, ಉಕ್ಕು 7.8 ಪಟ್ಟು. ಉನ್ನತ ದರ್ಜೆಯ ಕಾರ್ಬನ್ ಸೈಕಲ್ 7ರಿಂದ 8 ಕಿಲೋಗ್ರಾಂ ತೂಗಿದರೆ ನಮ್ಮ ಸಾಮಾನ್ಯ ಉಕ್ಕಿನ ಸೈಕಲ್ 20 ಕಿಲೋಗ್ರಾಂ ಸಮೀಪ ತೂಗಲು ಇದೇ ಮುಖ್ಯ ಕಾರಣ.

ಈ ವಸ್ತುವಿನ ಬಲ ದಿಕ್ಕನ್ನು ಅವಲಂಬಿಸಿದೆ. ಎಳೆಯ ಉದ್ದಕ್ಕೆ ಎಳೆದರೆ ಅದು ಉಕ್ಕಿಗಿಂತ ಬಲಶಾಲಿ. ಅಡ್ಡಲಾಗಿ ಕುಟ್ಟಿದರೆ ಅಥವಾ ಹಿಸುಕಿದರೆ ದುರ್ಬಲ. ಸೀಳಿದ ಬಿದಿರನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತಯಾರಕರು ಪೆಡಲ್ ತುಳಿತದ ಭಾರ, ಹ್ಯಾಂಡಲ್ ಎಳೆತ, ರಸ್ತೆಯ ಕುಲುಕಾಟ ಇವುಗಳ ದಿಕ್ಕನ್ನು ಲೆಕ್ಕ ಹಾಕಿ ಅದಕ್ಕೆ ತಕ್ಕಂತೆ ಎಳೆಗಳನ್ನು ಹಾಸುತ್ತಾರೆ. ಆ ಲೆಕ್ಕದಲ್ಲಿ ಇಲ್ಲದ ಹೊಡೆತಗಳು, ಉದಾಹರಣೆಗೆ ಕಲ್ಲಿನ ಮೇಲೆ ಅಡ್ಡ ಬೀಳುವುದು, ಬಸ್ಸಿನ ಮೇಲ್ಭಾಗದಲ್ಲಿ ಹಗ್ಗ ಬಿಗಿದು ಕಟ್ಟುವುದು, ಅತಿಯಾಗಿ ಬಿಗಿದ ಬೋಲ್ಟು ಇವು ಒಳಗಿನ ಪದರಗಳನ್ನು ಒಂದರಿಂದ ಒಂದು ಬೇರ್ಪಡಿಸಬಹುದು. ಹೊರಗಿನ ಬಣ್ಣ ಮಾತ್ರ ಹಾಗೆಯೇ ಇರುತ್ತದೆ.

ಇದರಿಂದ ಕಾರ್ಬನ್ ದುರ್ಬಲ ವಸ್ತುವೆಂದು ಭಾವಿಸಬಾರದು. 1986ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಅವರು ಟೂರ್ ಡಿ ಫ್ರಾನ್ಸ್ ಗೆದ್ದಾಗ ಬಳಸಿದ್ದು ಕಾರ್ಬನ್ ಚೌಕಟ್ಟಿನ ಸೈಕಲ್. ಇಂದು ಆ ಸ್ಪರ್ಧೆಯಲ್ಲಿ ಬೇರೆ ವಸ್ತುವಿನ ಚೌಕಟ್ಟು ಕಾಣುವುದು ಅಪರೂಪ. ಸರಿಯಾಗಿ ತಯಾರಾದ, ಹೊಡೆತ ಬೀಳದ ಕಾರ್ಬನ್ ಚೌಕಟ್ಟು ಬಹಳ ವರ್ಷ ಬಾಳುತ್ತದೆ. ಉಕ್ಕು ಮುರಿಯುವ ಮೊದಲು ಬಾಗಿ ಎಚ್ಚರಿಸುತ್ತದೆ, ಕಾರ್ಬನ್ ಮುನ್ಸೂಚನೆ ನೀಡದೆ ಮುರಿಯಬಹುದು ಎಂಬುದಷ್ಟೇ ಇಲ್ಲಿನ ವಿಷಯ. ಆದುದರಿಂದ ಎಚ್ಚರಿಕೆಯ ಹೊಣೆ ವಸ್ತುವಿನಿಂದ ಸವಾರನಿಗೆ ವರ್ಗಾವಣೆಯಾಗುತ್ತದೆ.

3. ತೂಕದ ಬಗ್ಗೆ

ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ನೇ ಇಸವಿಯಿಂದ ಸ್ಪರ್ಧೆಯ ಸೈಕಲ್‌ಗೆ ಕನಿಷ್ಠ 6.8 ಕಿಲೋಗ್ರಾಂ ತೂಕವನ್ನು ನಿಗದಿಪಡಿಸಿದೆ. ಇದಕ್ಕಿಂತ ಹಗುರವಾದುದನ್ನು ಹೆಚ್ಚು ಹಣ ಕೊಟ್ಟು ಕೊಂಡರೂ ಅಂತಹ ಸ್ಪರ್ಧೆಗಳಲ್ಲಿ ಬಳಸಲು ಬರುವುದಿಲ್ಲ.

65 ಕಿಲೋಗ್ರಾಂ ತೂಕದ ಸವಾರನು 9 ಕಿಲೋಗ್ರಾಂ ತೂಗುವ ಅಲ್ಯೂಮಿನಿಯಂ ಸೈಕಲ್ ಬಿಟ್ಟು 7.5 ಕಿಲೋಗ್ರಾಂನ ಕಾರ್ಬನ್ ಸೈಕಲ್ ಕೊಂಡನೆಂದು ಭಾವಿಸೋಣ. ಒಟ್ಟು ಭಾರ 74ರಿಂದ 72.5 ಕಿಲೋಗ್ರಾಂಗೆ ಇಳಿಯುತ್ತದೆ. ಇದು ಸುಮಾರು ಶೇಕಡ 2ರಷ್ಟು ಇಳಿಕೆ. ಸಂಡೂರಿನ ಬೆಟ್ಟದ ಏರಿನಲ್ಲಿ ಈ ಲಾಭ ಅನುಭವಕ್ಕೆ ಬರಬಹುದು. ಕಂಪ್ಲಿಯ ಸಮತಟ್ಟಾದ ಗದ್ದೆ ಬಯಲಿನಲ್ಲಿ ಗಾಳಿಯ ತಡೆಯೇ ಮುಖ್ಯವಾದುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಇದೇ ಸವಾರನು ತನ್ನ ಅಳತೆಗೆ ಸರಿಹೊಂದದ ಸೈಕಲ್ ಕೊಂಡರೆ ಆಗುವ ನಷ್ಟ ಇದಕ್ಕಿಂತ ಹೆಚ್ಚು.

4. ಅಳತೆ ನಿರ್ಧರಿಸುವ ವಿಧಾನ

ಅಂಗಿಯ ಅಳತೆಯಂತೆ ಸೈಕಲ್‌ಗೂ ಅಳತೆ ಇರುತ್ತದೆ. ರಸ್ತೆ ಸೈಕಲ್‌ಗಳನ್ನು 50, 52, 54, 56 ಮುಂತಾದ ಸಂಖ್ಯೆಗಳಿಂದ ಅಥವಾ ಸಣ್ಣ, ಮಧ್ಯಮ, ದೊಡ್ಡ ಎಂಬ ಪದಗಳಿಂದ ಗುರುತಿಸಲಾಗುತ್ತದೆ. ಒಬ್ಬ ತಯಾರಕರ 54 ಮತ್ತೊಬ್ಬರ 54ಕ್ಕೆ ಸಮನಾಗಿರಬೇಕೆಂದಿಲ್ಲ. ಆದುದರಿಂದ ಆ ಸಂಖ್ಯೆಯನ್ನು ಮಾತ್ರ ನಂಬದೆ ತಯಾರಕರ ಅಳತೆ ಪಟ್ಟಿಯಲ್ಲಿ ಸ್ಟ್ಯಾಕ್ ಮತ್ತು ರೀಚ್ ಎಂಬ ಎರಡು ಅಳತೆಗಳನ್ನು ನೋಡತಕ್ಕದ್ದು. ಪೆಡಲ್ ಅಚ್ಚಿನ ಮಧ್ಯಬಿಂದುವಿನಿಂದ ಹ್ಯಾಂಡಲ್ ಕೊಳವೆಯ ಮೇಲ್ತುದಿಯವರೆಗಿನ ಎತ್ತರವೇ ಸ್ಟ್ಯಾಕ್. ಅದೇ ಎರಡು ಬಿಂದುಗಳ ನಡುವಿನ ಅಡ್ಡ ದೂರವೇ ರೀಚ್. ಸ್ಟ್ಯಾಕ್ ಕಡಿಮೆಯಾದಷ್ಟೂ ಸವಾರ ಹೆಚ್ಚು ಬಾಗಬೇಕಾಗುತ್ತದೆ; ರೀಚ್ ಹೆಚ್ಚಿದಷ್ಟೂ ಹೆಚ್ಚು ಚಾಚಬೇಕಾಗುತ್ತದೆ. ಹೊಸ ಸವಾರರಿಗೆ, ಬೆನ್ನು ನೋವು ಇರುವವರಿಗೆ ಸ್ಟ್ಯಾಕ್ ಹೆಚ್ಚಿರುವ ದೂರ ಪ್ರಯಾಣದ ಮಾದರಿ ಸೂಕ್ತ.

ಸೀಟಿನ ಎತ್ತರವನ್ನು ಮನೆಯಲ್ಲಿಯೇ ಲೆಕ್ಕ ಹಾಕಬಹುದು. ವಿಧಾನ ಈ ಕೆಳಕಂಡಂತಿದೆ.

ಅ) ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಸುಮಾರು 15 ಸೆಂಟಿಮೀಟರ್ ಅಂತರವಿಟ್ಟು ನೇರವಾಗಿ ನಿಲ್ಲುವುದು.
ಆ) ಒಂದು ದಪ್ಪ ಪುಸ್ತಕವನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲ್ತುದಿಯನ್ನು ಗೋಡೆಯ ಮೇಲೆ ಗುರುತು ಮಾಡುವುದು.
ಇ) ನೆಲದಿಂದ ಆ ಗುರುತಿನವರೆಗಿನ ಎತ್ತರವೇ ಒಳಗಾಲಿನ ಅಳತೆ. ಮೂರು ಬಾರಿ ಅಳೆದು ಸರಾಸರಿ ತೆಗೆದುಕೊಳ್ಳುವುದು.
ಈ) ಆ ಅಳತೆಯನ್ನು 0.883ರಿಂದ ಗುಣಿಸುವುದು. ಬಂದ ಸಂಖ್ಯೆಯೇ ಪೆಡಲ್ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಅಂದಾಜು ಎತ್ತರ.

ಉದಾಹರಣೆಗೆ, ಒಳಗಾಲು 75 ಸೆಂಟಿಮೀಟರ್ ಇದ್ದಲ್ಲಿ ಸೀಟಿನ ಎತ್ತರ 66.2, 80 ಇದ್ದಲ್ಲಿ 70.6, 85 ಇದ್ದಲ್ಲಿ 75.1 ಸೆಂಟಿಮೀಟರ್. ಇದು ಆರಂಭದ ಅಂದಾಜು ಮಾತ್ರ. ಪೆಡಲ್ ಅತ್ಯಂತ ಕೆಳಗಿರುವಾಗ ಮೊಣಕಾಲು ಪೂರ್ಣ ನೇರವಾಗದೆ ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕು. ಸೀಟು ತೀರಾ ತಗ್ಗಾದರೆ ಮೊಣಕಾಲಿನ ಮುಂಭಾಗದಲ್ಲಿ ನೋವು, ತೀರಾ ಎತ್ತರವಾದರೆ ಮೊಣಕಾಲಿನ ಹಿಂಭಾಗದಲ್ಲಿ ನೋವು ಹಾಗೂ ಸೊಂಟದ ಹೊಯ್ದಾಟ ಸಾಮಾನ್ಯ ಲಕ್ಷಣಗಳು. ಅಂಗೈ ಜೋಮು ಹಿಡಿಯುವುದು, ಕುತ್ತಿಗೆ ನೋಯುವುದು ಬಹುತೇಕ ರೀಚ್ ಹೆಚ್ಚಾದುದರ ಸೂಚನೆ. ಬದಲಾವಣೆಯನ್ನು ಒಮ್ಮೆಗೆ 3ರಿಂದ 5 ಮಿಲಿಮೀಟರ್‌ನಂತೆ ಮಾಡಿ, ಕೆಲವು ದಿನ ಸವಾರಿ ಮಾಡಿ ನೋಡುವುದು.

ಸೀಟಿನ ಕಂಬದ ಮೇಲೆ ಕನಿಷ್ಠ ಒಳಸೇರಿಕೆಯ ಗುರುತು ಇರುತ್ತದೆ. ಆ ಗುರುತು ಹೊರಗೆ ಕಾಣುವಂತೆ ಕಂಬವನ್ನು ಎತ್ತಿದರೆ ಚೌಕಟ್ಟು ಸೀಳುವ ಅಪಾಯವಿದೆ. ಅಷ್ಟು ಎತ್ತಬೇಕಾಗಿ ಬಂದಲ್ಲಿ ಆ ಸೈಕಲ್ ಸವಾರನಿಗೆ ಚಿಕ್ಕದೆಂದು ತಿಳಿಯತಕ್ಕದ್ದು.

ಬೆಳೆಯುವ ಮಕ್ಕಳ ಬಗ್ಗೆ ವಿಶೇಷ ಸೂಚನೆ: "ಮುಂದೆ ಬೆಳೆಯುತ್ತಾನೆ" ಎಂದು ದೊಡ್ಡ ಅಳತೆಯ ಸೈಕಲ್ ಕೊಡಿಸುವುದು ಶಾಲೆಯ ಸಮವಸ್ತ್ರದ ವಿಷಯದಲ್ಲಿ ಸರಿ, ರಸ್ತೆ ಸೈಕಲ್ ವಿಷಯದಲ್ಲಿ ಸರಿಯಲ್ಲ. ಬ್ರೇಕ್ ಹಿಡಿಗೆ ಬೆರಳು ಎಟುಕದ, ನಿಂತಾಗ ಕಾಲು ನೆಲಕ್ಕೆ ತಾಗದ ಸೈಕಲ್ ಮಗುವಿಗೆ ಅಪಾಯಕಾರಿ. ಇಂದಿನ ಅಳತೆಗೆ ಸರಿಯಾದ, ಕಡಿಮೆ ಬೆಲೆಯ ಅಲ್ಯೂಮಿನಿಯಂ ಸೈಕಲ್ ಕೊಡಿಸಿ, ಬೆಳವಣಿಗೆ ನಿಂತ ನಂತರ ದುಬಾರಿ ಸೈಕಲ್‌ನ ವಿಚಾರ ಮಾಡುವುದು ಹಣಕ್ಕೂ ದೇಹಕ್ಕೂ ಕ್ಷೇಮ.

5. ನಮ್ಮ ಭಾಗದ ರಸ್ತೆಗಳು ಮತ್ತು ವಿಶೇಷ ಎಚ್ಚರಿಕೆಗಳು

ಕಾರ್ಬನ್ ರಸ್ತೆ ಸೈಕಲ್‌ಗಳನ್ನು ಬಹುಮಟ್ಟಿಗೆ ನುಣುಪಾದ ಡಾಂಬರು ರಸ್ತೆಗಳಿಗಾಗಿ ರೂಪಿಸಲಾಗುತ್ತದೆ. ಈ ಭಾಗದಲ್ಲಿ ಸವಾರಿ ಮಾಡುವವರು ಕೆಳಕಂಡ ಅಂಶಗಳನ್ನು ಗಮನಿಸುವುದು.

ಹೊಸಪೇಟೆ: ಇಲ್ಲಿ ರಾಷ್ಟ್ರೀಯ ಹೆದ್ದಾರಿ 50 ಮತ್ತು 67 ಸಂಧಿಸುತ್ತವೆ. ಭಾರಿ ವಾಹನಗಳು ಪಕ್ಕದಲ್ಲಿ ಹಾದುಹೋಗುವಾಗ ಉಂಟಾಗುವ ಗಾಳಿಯ ಸೆಳೆತವು 8 ಕಿಲೋಗ್ರಾಂ ಸೈಕಲ್ಲನ್ನು ಬದಿಗೆ ಎಳೆಯಬಲ್ಲದು. ಎತ್ತರದ ರಿಮ್ ಇರುವ ಕಾರ್ಬನ್ ಚಕ್ರಗಳಲ್ಲಿ ಈ ಪರಿಣಾಮ ಇನ್ನೂ ಹೆಚ್ಚು. ತುಂಗಭದ್ರಾ ಜಲಾಶಯದ ಕಡೆಯಿಂದ ಬೀಸುವ ಮಳೆಗಾಲದ ಗಾಳಿಯಲ್ಲಿ ತಗ್ಗು ರಿಮ್‌ನ ಚಕ್ರಗಳೇ ಸೂಕ್ತ. ಹೆದ್ದಾರಿಯ ಸುರಂಗದೊಳಗೆ ದೀಪವಿಲ್ಲದೆ ಸವಾರಿ ಮಾಡಬಾರದು.

ಹಂಪಿ: ಹೊಸಪೇಟೆಯಿಂದ ಸುಮಾರು 13 ಕಿಲೋಮೀಟರ್. ಅನಂತಶಯನಗುಡಿ ಮತ್ತು ಕಡ್ಡಿರಾಂಪುರದ ಮೂಲಕ ಸಾಗುವ ರಸ್ತೆ ಬೆಳಗಿನ ಸವಾರಿಗೆ ಪ್ರಶಸ್ತ. ಆದರೆ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಈ ಪ್ರದೇಶದ ಒಳದಾರಿಗಳಲ್ಲಿ ಕಲ್ಲುಹಾಸು, ಮರಳು ಹಾಗೂ ಬಂಡೆಯ ಚೂಪು ಅಂಚುಗಳಿವೆ. ಹಂಪಿಯಲ್ಲಿ ಬಾಡಿಗೆಗೆ ದೊರೆಯುವ ಸಾಮಾನ್ಯ ಸೈಕಲ್‌ಗಳು ಈ ದಾರಿಗಳಿಗೆ ಹೊಂದುತ್ತವೆ. ತೆಳು ಟೈರಿನ ಕಾರ್ಬನ್ ಸೈಕಲ್ ಹೊಂದುವುದಿಲ್ಲ. ಸೈಕಲ್ಲನ್ನು ಸ್ಮಾರಕದ ಕಂಬಗಳಿಗೆ, ಕೆತ್ತನೆಯ ಗೋಡೆಗಳಿಗೆ ಒರಗಿಸಬಾರದು. ಇದು ಸ್ಮಾರಕದ ರಕ್ಷಣೆಗೂ ಹೌದು, ಚೌಕಟ್ಟಿನ ರಕ್ಷಣೆಗೂ ಹೌದು. ಒರಗಿಸಿದ ಸೈಕಲ್ ಜಾರಿ ಕಲ್ಲಿನ ಅಂಚಿಗೆ ಬಿದ್ದರೆ ಮೇಲಿನ ಕೊಳವೆಗೆ ಪೆಟ್ಟಾಗುತ್ತದೆ.

ಸಂಡೂರು: ಗಣಿ ಪ್ರದೇಶದ ರಸ್ತೆಗಳಲ್ಲಿ ಕಬ್ಬಿಣದ ಅದಿರಿನ ಧೂಳು ಮತ್ತು ಲಾರಿಗಳಿಂದ ಚೆಲ್ಲಿದ ಅದಿರಿನ ಹರಳುಗಳು ಇರುತ್ತವೆ. ಅದಿರಿನ ಪುಡಿ ಅಲ್ಯೂಮಿನಿಯಂಗಿಂತ ಗಡಸು. ಚೈನಿನ ಎಣ್ಣೆಗೆ ಅಂಟಿಕೊಂಡ ಈ ಪುಡಿ ಹಲ್ಲುಚಕ್ರಗಳನ್ನು ಮಸೆಯುತ್ತದೆ. ರಿಮ್ ಬ್ರೇಕ್ ಇರುವ ಸೈಕಲ್‌ಗಳಲ್ಲಿ ರಬ್ಬರ್ ತುಂಡಿನೊಳಗೆ ಸೇರಿ ರಿಮ್ಮನ್ನೇ ಕೆರೆಯುತ್ತದೆ. ಪ್ರತಿ ಸವಾರಿಯ ನಂತರ ಚೈನು, ಬ್ರೇಕ್ ಮತ್ತು ಚೌಕಟ್ಟಿನ ಕೆಳಭಾಗವನ್ನು ಮೊದಲು ನೀರಿನಿಂದ ತೊಳೆದು ಆನಂತರ ಒರೆಸುವುದು. ಒಣ ಬಟ್ಟೆಯಿಂದ ಉಜ್ಜಿದರೆ ಆ ಪುಡಿಯೇ ಉಪ್ಪುಕಾಗದದಂತೆ ಬಣ್ಣವನ್ನು ಕೆರೆಯುತ್ತದೆ. ತಿರುವುಗಳಲ್ಲಿ ಅದಿರಿನ ಹರಳಿನ ಮೇಲೆ ಬ್ರೇಕ್ ಹಿಡಿಯಬಾರದು. ತಿರುವಿಗೆ ಮೊದಲೇ ವೇಗ ತಗ್ಗಿಸುವುದು. ಕಾರ್ಬನ್ ರಿಮ್ ಮೇಲೆ ನೇರವಾಗಿ ಒತ್ತುವ ಬ್ರೇಕ್ ಇದ್ದಲ್ಲಿ ಉದ್ದನೆಯ ಇಳಿಜಾರಿನಲ್ಲಿ ಸತತವಾಗಿ ಬ್ರೇಕ್ ಹಿಡಿದೇ ಇಳಿದರೆ ಶಾಖದಿಂದ ರಾಳ ಮೆದುವಾಗಿ ರಿಮ್ ಹಾಳಾಗಬಹುದು. ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯುವುದು. ಇಂತಹ ರಸ್ತೆಗಳಿಗೆ ಡಿಸ್ಕ್ ಬ್ರೇಕ್ ಉತ್ತಮ.

ಕಂಪ್ಲಿ: ಕಮಲಾಪುರದ ಮೂಲಕ ಕಂಪ್ಲಿಗೆ ಹೋಗುವ ರಸ್ತೆ ಗದ್ದೆ, ಬಾಳೆ ಮತ್ತು ಕಬ್ಬಿನ ತೋಟಗಳ ನಡುವೆ ಸಾಗುತ್ತದೆ. ಸುಗ್ಗಿಯಲ್ಲಿ ರಸ್ತೆಯ ಒಂದು ಬದಿಗೆ ಭತ್ತ ಹರಡಿ ಒಣಗಿಸುವುದು, ಅದರ ಅಂಚಿಗೆ ಕಲ್ಲು ಸಾಲಿಡುವುದು ರೂಢಿ. ಮುಸ್ಸಂಜೆಯಲ್ಲಿ ಆ ಕಲ್ಲುಗಳು ಕಾಣುವುದಿಲ್ಲ. ಗದ್ದೆಯಿಂದ ಬರುವ ಟ್ರ್ಯಾಕ್ಟರ್‌ಗಳು ಬಿಡುವ ಕೆಸರು ಒಣಗಿದಾಗ ಕಲ್ಲಿನಷ್ಟೇ ಗಟ್ಟಿ, ನೆನೆದಾಗ ಸಾಬೂನಿನಷ್ಟೇ ಜಾರು. ಜಲಾಶಯದಿಂದ ಹೆಚ್ಚಿನ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ಸ್ಥಗಿತಗೊಂಡ ನಿದರ್ಶನಗಳಿವೆ. ಮಳೆಗಾಲದಲ್ಲಿ ಆ ಮಾರ್ಗವಾಗಿ ಹೊರಡುವ ಮೊದಲು ವಿಚಾರಿಸಿಕೊಳ್ಳುವುದು; ನೀರು ಹರಿಯುವ ಸೇತುವೆಯನ್ನು ಸೈಕಲ್ ಹೊತ್ತುಕೊಂಡಾದರೂ ದಾಟಬಾರದು.

ಮುಳ್ಳು ಮತ್ತು ಬಿಸಿಲು: ರಸ್ತೆಯ ಬದಿಯಲ್ಲೆಲ್ಲ ಬೆಳೆದಿರುವ ಬಳ್ಳಾರಿ ಜಾಲಿಯ ಮುಳ್ಳು ತೆಳು ಟೈರಿನ ಮೊದಲ ಶತ್ರು. 23 ಮಿಲಿಮೀಟರ್‌ನ ಹಳೆಯ ಪದ್ಧತಿ ಬಿಟ್ಟು, ಚೌಕಟ್ಟಿನಲ್ಲಿ ಸ್ಥಳಾವಕಾಶವಿದ್ದಲ್ಲಿ 28 ಅಥವಾ 32 ಮಿಲಿಮೀಟರ್ ಅಗಲದ ಟೈರ್ ಬಳಸುವುದು. ಗಾಳಿಯ ಒತ್ತಡವು ಟೈರ್ ಮತ್ತು ರಿಮ್ ಇವೆರಡರ ಮೇಲೆ ನಮೂದಿಸಿರುವ ಮಿತಿಗಳಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಕೊಕ್ಕೆಯಿಲ್ಲದ ರಿಮ್‌ಗಳಿಗೆ ಈ ಮಿತಿ 5 ಬಾರ್, ಅಂದರೆ ಸುಮಾರು 72 ಪಿಎಸ್ಐ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಸೈಕಲ್ ಬಿಡಬಾರದು. ಬೆಳಗ್ಗೆ 25 ಡಿಗ್ರಿಯಲ್ಲಿ 80 ಪಿಎಸ್ಐ ತುಂಬಿದ ಟೈರು 60 ಡಿಗ್ರಿಯಲ್ಲಿ ಸುಮಾರು 91 ಪಿಎಸ್ಐಗೆ ಏರುತ್ತದೆ.

6. ವೇಗ ಮತ್ತು ನಿಲುಗಡೆ ದೂರ

ಒಣ ರಸ್ತೆ, ಉತ್ತಮ ಬ್ರೇಕ್, ಸವಾರನು ಪ್ರತಿಕ್ರಿಯಿಸಲು 1 ಸೆಕೆಂಡ್ ಎಂದು ಲೆಕ್ಕ ಹಾಕಿದರೆ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನಿಲ್ಲಲು ಸುಮಾರು 12 ಮೀಟರ್ ಬೇಕು. 40 ಕಿಲೋಮೀಟರ್ ವೇಗದಲ್ಲಿ ಸುಮಾರು 23 ಮೀಟರ್. 50ರಲ್ಲಿ ಸುಮಾರು 33 ಮೀಟರ್. ಅಂದರೆ ವೇಗ ಎರಡು ಪಟ್ಟಾದರೆ ದೂರ ಸುಮಾರು ಮೂರು ಪಟ್ಟಾಗುತ್ತದೆ. ಒದ್ದೆ ರಸ್ತೆಯಲ್ಲಿ ಇದಕ್ಕಿಂತ ಹೆಚ್ಚು. ಲಾರಿಯ ಹಿಂದೆ ಗಾಳಿಯ ಮರೆಯಲ್ಲಿ ಸಾಗುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದು.

ಸೈಕಲ್ ಸವಾರಿಗೆ ತಯಾರಾದ ಶಿರಸ್ತ್ರಾಣ ಧರಿಸುವುದು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ದೀಪ ಹಾಗೂ ಪ್ರತಿಫಲಕ ಅಳವಡಿಸುವುದು ಅಗತ್ಯ. ಒಮ್ಮೆ ಪೆಟ್ಟು ತಿಂದ ಶಿರಸ್ತ್ರಾಣವನ್ನು ಮತ್ತೆ ಬಳಸಬಾರದು. 200, 300, 400 ಹಾಗೂ 600 ಕಿಲೋಮೀಟರ್‌ಗಳ ದೂರ ಸವಾರಿಗಳಲ್ಲಿ ಭಾಗವಹಿಸುವವರಿಗೆ ರಾತ್ರಿ ವೇಳೆ ದೀಪ ಮತ್ತು ಪ್ರತಿಫಲಿಸುವ ಮೇಲಂಗಿ ಕಡ್ಡಾಯವೆಂಬುದನ್ನು ಇಲ್ಲಿ ಸ್ಮರಿಸಬಹುದು.

7. ತಪಾಸಣೆ

ಪ್ರತಿ ತಿಂಗಳು, ಹಾಗೂ ಬಿದ್ದಾಗ ಅಥವಾ ಗುಂಡಿಗೆ ಬಲವಾಗಿ ಬಡಿದಾಗ ತಪ್ಪದೆ, ಸೈಕಲ್ಲನ್ನು ತೊಳೆದು ಒಣಗಿಸಿ ಟಾರ್ಚಿನ ಬೆಳಕಿನಲ್ಲಿ ಈ ಕೆಳಕಂಡ ಭಾಗಗಳನ್ನು ಪರೀಕ್ಷಿಸತಕ್ಕದ್ದು.

ಅ) ಮುಂದಿನ ಕವೆ, ಅದರ ಬುಡ ಮತ್ತು ಹ್ಯಾಂಡಲ್ ಹಿಡಿಯುವ ಭಾಗ. ಇಲ್ಲಿ ಮುರಿದರೆ ಸವಾರ ಮುಖವಡಿಯಾಗಿ ಬೀಳುತ್ತಾನೆ. ಆದುದರಿಂದ ಇದಕ್ಕೆ ಮೊದಲ ಸ್ಥಾನ.
ಆ) ಹ್ಯಾಂಡಲ್ ಕೊಳವೆಗೆ ಕೆಳಗಿನ ಕೊಳವೆ ಕೂಡುವ ಸ್ಥಳ.
ಇ) ಪೆಡಲ್ ಅಚ್ಚಿನ ಸುತ್ತಲಿನ ಭಾಗ.
ಈ) ಸೀಟಿನ ಕಂಬ ಬಿಗಿಯುವ ಸ್ಥಳ.
ಉ) ಚೈನಿನ ಪಕ್ಕದ ಹಿಂಬದಿ ಕೊಳವೆ, ಚೈನು ಕಳಚಿ ಬಡಿದ ಗುರುತುಗಳು.
ಊ) ಮೇಲಿನ ಕೊಳವೆಯ ಎರಡೂ ಬದಿ, ಬಿದ್ದಾಗ ಹ್ಯಾಂಡಲ್ ತಿರುಗಿ ಇಲ್ಲಿಗೆ ಬಡಿಯುತ್ತದೆ.

ಕೂದಲೆಳೆಯಂತಹ ಬಿರುಕು, ಉಬ್ಬಿದ ಅಥವಾ ಗುಳ್ಳೆ ಎದ್ದ ಬಣ್ಣ, ಬೆರಳಿನಿಂದ ಒತ್ತಿದಾಗ ಮೆತ್ತಗೆ ಅನ್ನಿಸುವ ಜಾಗ, ಹತ್ತಿಯ ಬಟ್ಟೆಯ ನೂಲು ಸಿಕ್ಕಿಕೊಳ್ಳುವ ಜಾಗ, ಹೊಸದಾಗಿ ಕೇಳಿಬರುವ ಕಿರಗುಟ್ಟುವ ಶಬ್ದ ಇವು ಸಂಶಯದ ಲಕ್ಷಣಗಳು. ನಾಣ್ಯದಿಂದ ಮೆಲ್ಲನೆ ತಟ್ಟಿದಾಗ ಒಂದು ಕಡೆ ಮಾತ್ರ ಮಂದವಾದ ಶಬ್ದ ಬಂದರೆ ಅದೂ ಒಂದು ಸೂಚನೆ. ಆದರೆ ಕೊಳವೆಯ ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲವಾದ್ದರಿಂದ ತಟ್ಟಿ ನೋಡಿದ ಮಾತ್ರಕ್ಕೆ ಸೈಕಲ್ ಸುಸ್ಥಿತಿಯಲ್ಲಿದೆಯೆಂದು ತೀರ್ಮಾನಿಸಬಾರದು. ಸಂಶಯವಿದ್ದಲ್ಲಿ ಸವಾರಿ ನಿಲ್ಲಿಸಿ, ಶ್ರವಣಾತೀತ ತರಂಗ ಪರೀಕ್ಷೆಯ ಸೌಲಭ್ಯವುಳ್ಳ ತಜ್ಞರಿಗೆ ತೋರಿಸುವುದು. ಬಿರುಕನ್ನು ಅಂಟು ಅಥವಾ ಬಣ್ಣದಿಂದ ಮುಚ್ಚುವುದು ದುರಸ್ತಿಯಲ್ಲ. ಅದು ಅಪಾಯವನ್ನು ಮರೆಮಾಚುವುದು. ತರಬೇತಿ ಪಡೆದ ತಜ್ಞರು ಮಾತ್ರ ಹೊಸ ಪದರ ಹಾಸಿ ಚೌಕಟ್ಟನ್ನು ದುರಸ್ತಿ ಮಾಡಬಲ್ಲರು. ಮುಂದಿನ ಕವೆ ಮತ್ತು ಹ್ಯಾಂಡಲ್‌ಗೆ ಹಾನಿಯಾಗಿದ್ದಲ್ಲಿ ಬದಲಾಯಿಸುವುದೇ ಕ್ಷೇಮ.

ಬೋಲ್ಟುಗಳನ್ನು ಬಿಗಿಯಲು ಬಲ ಅಳೆಯುವ ಟಾರ್ಕ್ ಕೀಲಿಯನ್ನೇ ಬಳಸತಕ್ಕದ್ದು. ಸಾಮಾನ್ಯವಾಗಿ ಹ್ಯಾಂಡಲ್ ಬೋಲ್ಟುಗಳಿಗೆ 5 ನ್ಯೂಟನ್ ಮೀಟರ್ ಎಂದು ನಮೂದಿಸಿರುತ್ತಾರೆ. ಇದು 10 ಸೆಂಟಿಮೀಟರ್ ಉದ್ದದ ಕೀಲಿಯ ತುದಿಗೆ ಸುಮಾರು 5 ಕಿಲೋಗ್ರಾಂ ಭಾರ ತೂಗುಹಾಕಿದಷ್ಟು ಬಲ ಮಾತ್ರ. ಉಕ್ಕಿನ ಸೈಕಲ್‌ಗೆ ಒಗ್ಗಿದ ಕೈ ಇದಕ್ಕಿಂತ ಬಹಳ ಹೆಚ್ಚು ಬಿಗಿಯುತ್ತದೆ. ಜಾರುವುದನ್ನು ತಡೆಯಲು ಗ್ರೀಸಿನ ಬದಲು ಕಾರ್ಬನ್ ಭಾಗಗಳಿಗೆಂದೇ ದೊರೆಯುವ ಲೇಪ ಬಳಸುವುದು. ಬೆವರಿನ ಉಪ್ಪಿನಿಂದ ಅಲ್ಯೂಮಿನಿಯಂ ಭಾಗಗಳು ಕಾರ್ಬನ್ ಜೊತೆ ಕಚ್ಚಿಕೊಳ್ಳುವ ಸಂಭವವಿರುವುದರಿಂದ ವರ್ಷಕ್ಕೆ ಎರಡು ಬಾರಿ ಸೀಟಿನ ಕಂಬವನ್ನು ಹೊರತೆಗೆದು ಶುಚಿಗೊಳಿಸುವುದು.

8. ಹಳೆಯ ಸೈಕಲ್ ಖರೀದಿಸುವವರಿಗೆ

ಉನ್ನತ ದರ್ಜೆಯ ಹೊಸ ಕಾರ್ಬನ್ ಸೈಕಲ್‌ಗಳ ಬೆಲೆ ಹಲವು ಲಕ್ಷ ರೂಪಾಯಿ. ಆದುದರಿಂದ ಸ್ಪರ್ಧೆಗೆ ಇಳಿಯುವ ಅನೇಕ ಯುವಕ ಯುವತಿಯರ ಮೊದಲ ಕಾರ್ಬನ್ ಸೈಕಲ್ ಮತ್ತೊಬ್ಬರು ಬಳಸಿದ್ದೇ ಆಗಿರುತ್ತದೆ. ಒಂದು ಕುಟುಂಬದ ವರ್ಷದ ಉಳಿತಾಯ ಇದರಲ್ಲಿ ತೊಡಗಿರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಮಗನ ಅಥವಾ ಮಗಳ ಪ್ರಾಣವೂ ಅದರ ಮೇಲೆಯೇ ಇರುತ್ತದೆ. ಆದುದರಿಂದ ಹಣ ಪಾವತಿಸುವ ಮೊದಲು ಈ ಕೆಳಕಂಡವುಗಳನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.

ಅ) ಮೂಲ ಬಿಲ್ಲು ಮತ್ತು ಚೌಕಟ್ಟಿನ ಕ್ರಮಸಂಖ್ಯೆ ಒಂದಕ್ಕೊಂದು ತಾಳೆಯಾಗಬೇಕು. ಕ್ರಮಸಂಖ್ಯೆ ಕೆರೆದಿದ್ದಲ್ಲಿ ಅಥವಾ ಬಿಲ್ಲು ಇಲ್ಲದಿದ್ದಲ್ಲಿ ಅದು ಕಳವಿನ ಮಾಲು ಅಥವಾ ನಕಲಿ ಇರಬಹುದು.
ಆ) ಹ್ಯಾಂಡಲ್ ಪಟ್ಟಿ, ಸೀಟಿನ ಕಂಬ ಹಾಗೂ ಮುಂದಿನ ಕವೆಯನ್ನು ಬಿಚ್ಚಿ ತೋರಿಸಲು ಕೇಳುವುದು. ಬಿಚ್ಚಲು ಒಪ್ಪದ ಮಾರಾಟಗಾರರಿಂದ ಕೊಳ್ಳಬಾರದು.
ಇ) ಇತ್ತೀಚೆಗೆ ಹೊಸ ಬಣ್ಣ ಬಳಿದ ಚೌಕಟ್ಟನ್ನು ಸಂಶಯದಿಂದ ನೋಡುವುದು.
ಈ) ತಯಾರಕರ ಖಾತರಿ ಸಾಮಾನ್ಯವಾಗಿ ಮೊದಲ ಖರೀದಿದಾರರಿಗೆ ಮಾತ್ರ ಅನ್ವಯಿಸುತ್ತದೆ, ಮತ್ತು ಬಿದ್ದು ಆದ ಹಾನಿಗೆ ಅನ್ವಯಿಸುವುದಿಲ್ಲ. ಈ ಅಂಶವನ್ನು ಬೆಲೆ ನಿಗದಿಯಲ್ಲಿ ಲೆಕ್ಕಕ್ಕೆ ಹಿಡಿಯುವುದು.
ಉ) ಮಾರಾಟಗಾರರ ಹೆಸರು, ದಿನಾಂಕ, ಮೊತ್ತ, ಕ್ರಮಸಂಖ್ಯೆ ನಮೂದಿಸಿದ ರಸೀದಿಯನ್ನು ಪಡೆಯುವುದು, ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸುವುದು.

ಈ ಎಲ್ಲವೂ ಸಮಾಧಾನಕರವಾಗಿಲ್ಲದಿದ್ದಲ್ಲಿ, ಅದೇ ಹಣಕ್ಕೆ ಹೊಸ ಅಲ್ಯೂಮಿನಿಯಂ ಚೌಕಟ್ಟಿನ ಸೈಕಲ್ ಕೊಳ್ಳುವುದು ವಿವೇಕ. ಚರಿತ್ರೆ ತಿಳಿಯದ ಹಗುರ ಸೈಕಲ್‌ಗಿಂತ ಚರಿತ್ರೆ ತಿಳಿದ ಭಾರದ ಸೈಕಲ್ ಮೇಲು.

9. ಬಿಲ್ಲು, ತೆರಿಗೆ ಮತ್ತು ದೂರು

2025ರ ಸೆಪ್ಟೆಂಬರ್ 22ರಿಂದ ಬೈಸಿಕಲ್‌ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇಕಡ 12ರಿಂದ ಶೇಕಡ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಈ ದರವನ್ನು ಪರಿಶೀಲಿಸುವುದು. ಬಿಲ್ಲಿನಲ್ಲಿ ಮಾದರಿ, ಅಳತೆ ಮತ್ತು ಚೌಕಟ್ಟಿನ ಕ್ರಮಸಂಖ್ಯೆಯನ್ನು ತಪ್ಪದೆ ಬರೆಯಿಸಿಕೊಳ್ಳುವುದು. ಬೈಸಿಕಲ್‌ಗಳ ಸುರಕ್ಷತಾ ಪರೀಕ್ಷೆಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಎಸ್ಒ 4210ಕ್ಕೆ ಸೈಕಲ್ ಅನುಗುಣವಾಗಿದೆಯೇ ಎಂದು ಕೇಳುವುದು.

ತಯಾರಿಕಾ ದೋಷ ಕಂಡುಬಂದಲ್ಲಿ ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸುವುದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಮೇರೆಗೆ, ಪಾವತಿಸಿದ ಮೊತ್ತ 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಸೈಕಲ್ಲನ್ನು ಬೆಂಗಳೂರಿನಲ್ಲಿ ಅಥವಾ ಅಂತರ್ಜಾಲದ ಮೂಲಕ ಕೊಂಡಿದ್ದರೂ ದೂರುದಾರರು ತಾವು ವಾಸಿಸುವ ಸ್ಥಳದ ಮೇಲೆ ಅಧಿಕಾರ ವ್ಯಾಪ್ತಿ ಇರುವ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ದೂರಿನ ಶುಲ್ಕವಿಲ್ಲ. ವ್ಯಾಜ್ಯದ ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಮುರಿದ ಭಾಗವನ್ನು ಎಸೆಯದೆ, ದುರಸ್ತಿ ಮಾಡದೆ, ಛಾಯಾಚಿತ್ರ ಸಹಿತ ಕಾಯ್ದಿರಿಸುವುದು. ಅದೇ ಮುಖ್ಯ ಸಾಕ್ಷ್ಯ.

10. ಅಪಘಾತ ಮತ್ತು ಕಳವು

ಅಪಘಾತದ ಸಂದರ್ಭದಲ್ಲಿ 112 ಅಥವಾ 108ಕ್ಕೆ ಕರೆ ಮಾಡುವುದು. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಅಧಿನಿಯಮದ 134ಎ ಪ್ರಕರಣದಡಿ ರಕ್ಷಣೆಯಿದೆ, ನೆರವಾಗಲು ಹಿಂಜರಿಯಬಾರದು. ಮೋಟಾರು ವಾಹನದಿಂದ ಸಂಭವಿಸಿದ ರಸ್ತೆ ಅಪಘಾತದ ಗಾಯಾಳುಗಳಿಗೆ 2025ರಲ್ಲಿ ಅಧಿಸೂಚಿಸಲಾದ ಕೇಂದ್ರ ಯೋಜನೆಯಡಿ, ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಸೈಕಲ್ ಸವಾರರೂ ಇದಕ್ಕೆ ಅರ್ಹರು. ಗುದ್ದಿ ಪರಾರಿಯಾದ ವಾಹನ ಪತ್ತೆಯಾಗದಿದ್ದಲ್ಲಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಡಿ ಮರಣಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ ಕೋರಿ ಸಂಬಂಧಪಟ್ಟ ಪರಿಹಾರ ವಿಚಾರಣಾಧಿಕಾರಿಗೆ ಅರ್ಜಿ ಸಲ್ಲಿಸಬಹುದು.

ಸೈಕಲ್ ಕಳವಾದಲ್ಲಿ ಬಿಲ್ಲು, ಕ್ರಮಸಂಖ್ಯೆ ಹಾಗೂ ಛಾಯಾಚಿತ್ರದೊಡನೆ ಪೊಲೀಸ್ ಠಾಣೆಗೆ ದೂರು ನೀಡುವುದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಠಾಣೆಯ ವ್ಯಾಪ್ತಿಯನ್ನು ಪರಿಗಣಿಸದೆ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ರೂಪದಲ್ಲಿ ನೀಡಿದಲ್ಲಿ 3 ದಿನಗಳೊಳಗೆ ಸಹಿ ಮಾಡತಕ್ಕದ್ದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ದುಬಾರಿ ರಸ್ತೆ ಸೈಕಲ್‌ಗೆ ನೋಂದಣಿ ಅಥವಾ ಚಾಲನಾ ಪರವಾನಗಿ ಬೇಕೆ?
ಉತ್ತರ: ಬೇಕಿಲ್ಲ. ಕಾಲಿನಿಂದ ತುಳಿಯುವ ಸೈಕಲ್ ಮೋಟಾರು ವಾಹನವಲ್ಲ. ಪೆಡಲ್‌ಗೆ ಸಹಾಯಕವಾಗಿ ವಿದ್ಯುತ್ ಮೋಟಾರು ಇದ್ದಲ್ಲಿ, ಅದರ ಸಾಮರ್ಥ್ಯ 250 ವ್ಯಾಟ್‌ಗಿಂತ ಹಾಗೂ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು ಎಂಬುದೂ ಸೇರಿದಂತೆ ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ಷರತ್ತುಗಳು ಅನ್ವಯಿಸುತ್ತವೆ.

ಪ್ರಶ್ನೆ: ಕಾರ್ಬನ್ ಚೌಕಟ್ಟನ್ನು ಎಷ್ಟು ವರ್ಷಗಳಿಗೊಮ್ಮೆ ಬದಲಾಯಿಸಬೇಕು?
ಉತ್ತರ: ವರ್ಷಗಳ ನಿಗದಿತ ಮಿತಿಯಿಲ್ಲ. ಹೊಡೆತ ಬಿದ್ದಿದೆಯೇ, ತಪಾಸಣೆಯಾಗಿದೆಯೇ ಎಂಬುದು ಮುಖ್ಯ. ಒಂದು ವರ್ಷ ಹಳೆಯದಾದ, ಬಿದ್ದ ಸೈಕಲ್‌ಗಿಂತ ಹತ್ತು ವರ್ಷ ಹಳೆಯದಾದ, ಬೀಳದ ಸೈಕಲ್ ಸುರಕ್ಷಿತವಿರಬಹುದು.

ಪ್ರಶ್ನೆ: ಸೈಕಲ್ ಬಿದ್ದಿದೆ, ಆದರೆ ಏನೂ ಕಾಣುತ್ತಿಲ್ಲ. ಸ್ಪರ್ಧೆ ನಾಳೆ ಇದೆ. ಏನು ಮಾಡಬೇಕು?
ಉತ್ತರ: ಮುಂದಿನ ಕವೆ ಅಥವಾ ಹ್ಯಾಂಡಲ್‌ಗೆ ಪೆಟ್ಟಾಗಿದ್ದಲ್ಲಿ ಆ ಸೈಕಲ್ ಬಳಸಬಾರದು. ಬೇರೆ ಸೈಕಲ್ ಎರವಲು ಪಡೆಯುವುದು ಅಥವಾ ಆ ಸ್ಪರ್ಧೆಯನ್ನು ಬಿಡುವುದು. ಸ್ಪರ್ಧೆಗಳು ಮತ್ತೆ ಬರುತ್ತವೆ.

ಪ್ರಶ್ನೆ: ರೈಲು ಅಥವಾ ಬಸ್ಸಿನಲ್ಲಿ ಸಾಗಿಸುವಾಗ ಯಾವ ಎಚ್ಚರಿಕೆ ವಹಿಸಬೇಕು?
ಉತ್ತರ: ಚಕ್ರಗಳನ್ನು ಬಿಚ್ಚಿ, ಕೊಳವೆಗಳಿಗೆ ಸ್ಪಂಜು ಸುತ್ತಿ, ಕವೆಯ ತುದಿಗಳ ನಡುವೆ ಆಧಾರ ಕೊಟ್ಟು ಪೆಟ್ಟಿಗೆಯಲ್ಲಿಡುವುದು. ಕೊಳವೆಯ ಮೇಲೆ ಹಗ್ಗ ಬಿಗಿಯಬಾರದು. ಮೇಲೆ ಬೇರೆ ಸಾಮಾನು ಹೇರದಂತೆ ನೋಡಿಕೊಳ್ಳುವುದು. ಊರು ತಲುಪಿದ ಮೇಲೆ ಸವಾರಿಗೆ ಮೊದಲು 7ನೇ ಕಂಡಿಕೆಯಂತೆ ತಪಾಸಣೆ ಮಾಡುವುದು.

ಮೇಲ್ಕಂಡ ವಿವರಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ನಿರ್ದಿಷ್ಟ ಮಾದರಿಗೆ ಸಂಬಂಧಿಸಿದಂತೆ ತಯಾರಕರ ಕೈಪಿಡಿಯಲ್ಲಿನ ಸೂಚನೆಗಳೇ ಅಂತಿಮ. ಸಾರ್ವಜನಿಕರು ಖರೀದಿಗೆ ಮೊದಲು ತಮ್ಮ ಅಳತೆಯನ್ನು, ಸವಾರಿಗೆ ಮೊದಲು ತಮ್ಮ ಸೈಕಲ್ಲನ್ನು ಪರೀಕ್ಷಿಸಿಕೊಂಡು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.